ಉದಯಕ್ಕೆ ಬಾರದ ಕಾಯಿಲೆ

ರಕ್ತದಲ್ಲಿ ಹರಿಯುವ ಬಿಳಿ ಕಣಗಳೊಳಗೆ ಯಾವ ಜೀನು ಎಷ್ಟು ದುಡಿಯುತ್ತಿದೆ ಎಂದು ಅಳೆದರೆ, ಮೈಯ ಚಯಾಪಚಯ ಹದ ತಪ್ಪುತ್ತಿರುವುದು ಕಾಯಿಲೆ ಕಾಣಿಸಿಕೊಳ್ಳುವ ಎಷ್ಟೋ ಮೊದಲೇ ತಿಳಿಯಬಹುದು ಎಂಬ ನಿರೀಕ್ಷೆಯ ಮೇಲೆ ಒಂದು ಸಂಶೋಧನಾ ಕ್ಷೇತ್ರ ಬೆಳೆದಿದೆ. ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲ, ಬಿಳಿ ಕಣಕ್ಕಿದೆ. ಯಕೃತ್ತಿನ ಕೋಶದಲ್ಲಿ, ಸ್ನಾಯುವಿನ ಕೋಶದಲ್ಲಿ ಇರುವ ಜೀನುಗಳೇ ಅದರಲ್ಲೂ ಇವೆ. ಊಟ, ಉಪವಾಸ, ನಿದ್ದೆ, ನೆಗಡಿ ಇವು ಜೀನಿನ ಬರಹವನ್ನು ತಿದ್ದುವುದಿಲ್ಲ. ಆ ಬರಹದಿಂದ ಎಷ್ಟು ಆರ್‌ಎನ್‌ಎ ಪ್ರತಿ ತೆಗೆಯಬೇಕು ಎಂಬುದನ್ನು ಏರಿಳಿಸುತ್ತವೆ. ಹೀಗೆ ಬರಹ ಪ್ರತಿಯಾಗಿ ಹೊರಬಂದು ಕೆಲಸಕ್ಕೆ ತೊಡಗುವುದೇ ಜೀನ್ ಅಭಿವ್ಯಕ್ತಿ.

ಆರೋಗ್ಯವಾಗಿ ಓಡಾಡಿಕೊಂಡಿರುವವರ ಯಕೃತ್ತಿನಿಂದ ಚೂರು ಕತ್ತರಿಸಿ ನೋಡುವುದು ಆಗದ ಮಾತು. ತೋಳಿನಿಂದ ಒಂದಿಷ್ಟು ರಕ್ತ ತೆಗೆಯುವುದು ದಿನವೂ ನಡೆಯುವ ಕೆಲಸ. ಬಿಳಿ ಕಣ ಯಕೃತ್ತು, ಕೊಬ್ಬು, ಮೇದೋಜ್ಜೀರಕ ಗ್ರಂಥಿ ಎಲ್ಲವನ್ನೂ ಹಾದುಹೋಗುತ್ತದೆ; ಇನ್ಸುಲಿನ್ ಮತ್ತು ಲೆಪ್ಟಿನ್ ಹಾರ್ಮೋನುಗಳ ಕರೆಗೆ ಓಗೊಡುವ ಗ್ರಾಹಕಗಳು ಅದರ ಮೇಲಿವೆ. 2006ರಲ್ಲಿ ಚೂಂಗ್ ಚಿನ್ ಲ್ಯೂ ಅವರ ತಂಡ ಮಿದುಳು, ಹೃದಯ, ಮೂತ್ರಪಿಂಡ, ಯಕೃತ್ತು ಸೇರಿ ಒಂಬತ್ತು ಅಂಗಾಂಶಗಳೊಂದಿಗೆ ರಕ್ತವನ್ನು ಹೋಲಿಸಿ, ಪ್ರತಿ ಅಂಗದಲ್ಲೂ ಅಭಿವ್ಯಕ್ತಗೊಳ್ಳುವ ಜೀನುಗಳಲ್ಲಿ ಶೇ. 80ಕ್ಕೂ ಹೆಚ್ಚಿನವು ರಕ್ತಕಣಗಳಲ್ಲೂ ಅಭಿವ್ಯಕ್ತಗೊಳ್ಳುತ್ತವೆ ಎಂದು ತೋರಿಸಿತು. ರಕ್ತಕಣವನ್ನು ಮೈಯೊಳಗಿನ ಕಾವಲುಗಾರನೆಂದು ನೋಡುವ ವಿಚಾರಕ್ಕೆ ಆಗ ಬಲ ಬಂತು.

ಸ್ಪೇನಿನ ಬಲೆಯಾರಿಕ್ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಆಂದ್ರೆಯು ಪಲೌ ಅವರ ಬಳಗ ಈ ವಿಚಾರವನ್ನು ಆಹಾರದ ಕಡೆಗೆ ತಿರುಗಿಸಿತು. ಕೊಬ್ಬನ್ನು ಉರಿಸಲು ಒಳಬಿಡುವ ಬಾಗಿಲಿನಂಥ ಜೀನು ಸಿಪಿಟಿ1ಎ. ಕೊಬ್ಬನ್ನು ಹೊಸದಾಗಿ ಕಟ್ಟುವ ಜೀನು ಎಫ್‌ಎಎಸ್‌ಎನ್. ಉಪವಾಸದಲ್ಲಿ ಮೊದಲನೆಯದು ಏರಬೇಕು, ಉಂಡಾಗ ಎರಡನೆಯದು. ಆರೋಗ್ಯವಂತ ಇಲಿಯ ರಕ್ತಕಣದಲ್ಲಿ ಈ ಏರಿಳಿತ ಕಾಣುತ್ತದೆ. ಬಿಸ್ಕತ್ತು, ಚಾಕೊಲೇಟು, ಕೊಬ್ಬಿನ ಮಾಂಸ ತಿನ್ನಿಸಿ ಬೊಜ್ಜು ಬರಿಸಿದ ಇಲಿಯಲ್ಲಿ ಅದು ಮಂಕಾಗುತ್ತದೆ. ಹಸಿದಿದ್ದರೂ ಉಂಡಿದ್ದರೂ ಕಣಕ್ಕೆ ಹೆಚ್ಚು ವ್ಯತ್ಯಾಸ ತೋರುವುದಿಲ್ಲ. ಯುರೋಪಿನ ಎಂಟು ದೇಶಗಳಲ್ಲಿ 2ರಿಂದ 9 ವರ್ಷದ 16,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಐಡೆಫಿಕ್ಸ್ ಅಧ್ಯಯನದಲ್ಲಿ ಒಂದು ಭಾಗ ಮಕ್ಕಳ ರಕ್ತಕಣಗಳನ್ನೂ ಈ ಬಳಗ ಪರೀಕ್ಷಿಸಿ, ಬೊಜ್ಜಿನ ಮತ್ತು ಅದರ ಬೆನ್ನಿಗೆ ಬರುವ ವ್ಯತ್ಯಯಗಳ ಗುರುತು ಹುಡುಕಿತು. ಇದೆಲ್ಲ ಇನ್ನೂ ಸಂಶೋಧನೆಯ ಹಂತದ್ದು. ಊರ ಲ್ಯಾಬಿನಲ್ಲಿ ಸಕ್ಕರೆ ಪರೀಕ್ಷೆ ಮಾಡಿಸುವಂತೆ ಮಾಡಿಸಿಕೊಳ್ಳುವಂಥದ್ದಲ್ಲ. ಆದರೆ ಅದು ಎಬ್ಬಿಸುವ ಪ್ರಶ್ನೆಗಳು ಯಂತ್ರ ಅಗ್ಗವಾಗುವವರೆಗೆ ಕಾಯಬೇಕಾದವಲ್ಲ. ನೋವಿಲ್ಲದ, ಸೊರಗದ, ಸಕ್ಕರೆಯೂ ಏರದ ಒಬ್ಬರ ರಕ್ತಕಣ ಹದ ತಪ್ಪಿದೆಯೆಂದರೆ ಅವರು ರೋಗಿಯೇ? ಅದು ಅವರ ನಾಳೆಯ ಬಗ್ಗೆ ಏನನ್ನು ನಿಜಕ್ಕೂ ಹೇಳುತ್ತದೆ? ಆ ನಾಳೆ ಯಾರು ಮಾಡಿದ್ದು?

ರೋಗಿ ಯಾರೆಂದು ತೀರ್ಮಾನಿಸುವ ಗೆರೆ ತಾನೇ ನಿಂತಲ್ಲಿ ನಿಂತಿಲ್ಲ. 1997ರವರೆಗೆ ಖಾಲಿ ಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಮುಟ್ಟಿದರೆ ಮಧುಮೇಹ ಎನ್ನುತ್ತಿದ್ದರು. ಆ ವರ್ಷ ಅಮೆರಿಕದ ಮಧುಮೇಹ ಸಂಘ ಅದನ್ನು 126ಕ್ಕೆ ಇಳಿಸಿತು. ಕಣ್ಣಿನ ಅಕ್ಷಿಪಟಲದ ಹಾನಿ ಅದರ ಆಸುಪಾಸಿನಿಂದಲೇ ಹೆಚ್ಚತೊಡಗುತ್ತದೆ ಎಂಬುದು ಕಾರಣ. 2003ರಲ್ಲಿ ಮಧುಮೇಹದ ಪೂರ್ವಸ್ಥಿತಿಯ ಕೆಳಗೆರೆಯೂ 110ರಿಂದ 100ಕ್ಕೆ ಇಳಿಯಿತು. ರಾತ್ರಿ ಆರೋಗ್ಯವಂತರಾಗಿ ಮಲಗಿದ ಎಷ್ಟೋ ಜನ, ಮೈಯಲ್ಲಿ ಏನೂ ಬದಲಾಗದೆ, ಬೆಳಗ್ಗೆ ರೋಗಿಗಳಾಗಿ ಎದ್ದರು. ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಪೂರ್ವಸ್ಥಿತಿಯಲ್ಲಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಅಂದಾಜು ಮಾಡಿತು. ಎರಡನೆಯ ಗುಂಪಿನವರನ್ನು ಜನ ‘ಬಾರ್ಡರ್‌ನಲ್ಲಿದ್ದಾರೆ’ ಎನ್ನುತ್ತಾರೆ. ರಕ್ತಕಣದ ಗುರುತು ಆ ಗಡಿಗೂ ಎಷ್ಟೋ ಹಿಂದೆ ಇನ್ನೊಂದು ಗಡಿಕಲ್ಲು ನೆಡುತ್ತದೆ.

ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಷ್ ಆರೋಗ್ಯವನ್ನು ಅಂಗಗಳ ಮೌನವೆಂದು ಬಗೆದಿದ್ದರು: ಹೊಟ್ಟೆ ಇದೆಯೆಂಬುದೇ ನೆನಪಾಗದಿದ್ದರೆ ಹೊಟ್ಟೆ ಚೆನ್ನಾಗಿದೆ. ರಕ್ತಕಣದ ಪರೀಕ್ಷೆ ಈ ಮೌನದೊಳಗೆ ಕಿವಿಯಿಟ್ಟು ಪಿಸುಮಾತು ಕೇಳುತ್ತದೆ. ಅವರಿಗಿಂತ ಮೊದಲು ಕ್ಲೋದ್ ಬರ್ನಾರ್, ರೋಗವೆಂದರೆ ಆರೋಗ್ಯದ ಕ್ರಿಯೆಯೇ ಪ್ರಮಾಣದಲ್ಲಿ ಹೆಚ್ಚು ಕಡಿಮೆಯಾಗುವುದು ಎಂದು ವಾದಿಸಿದ್ದರು. ಮಧುಮೇಹವೇ ಅವರ ಮೆಚ್ಚಿನ ಉದಾಹರಣೆ. 1943ರ ತಮ್ಮ ವೈದ್ಯಕೀಯ ಪ್ರಬಂಧದಲ್ಲಿ ತತ್ತ್ವಜ್ಞ ಜಾರ್ಜ್ ಕಾಂಗಿಲೆಮ್ ಇದನ್ನು ಒಪ್ಪಲಿಲ್ಲ. ರೋಗ ಹೆಚ್ಚಿದ ಸಂಖ್ಯೆಯಲ್ಲ, ಬದುಕುವ ರೀತಿಯೇ ಬದಲಾಗಿ ಕುಗ್ಗುವುದು. ಹೊಸ ಸನ್ನಿವೇಶಕ್ಕೆ ಹೊಸ ನಿಯಮ ಕಟ್ಟಿಕೊಳ್ಳುವ ಸಾಮರ್ಥ್ಯವೇ ಆರೋಗ್ಯ ಎಂದರು. ಪಲೌ ಬಳಗದ ಇಲಿಗಳ ಕಥೆ ಕಾಂಗಿಲೆಮ್ ಅವರ ಪಕ್ಷಕ್ಕೇ ಸಾಕ್ಷಿ ನುಡಿಯುತ್ತದೆ. ಅಲ್ಲಿ ಕೆಟ್ಟದ್ದು ಯಾವುದೋ ಒಂದು ಅಂಕಿಯಲ್ಲ, ಉಪವಾಸಕ್ಕೂ ಊಟಕ್ಕೂ ತಕ್ಕಂತೆ ಬದಲಾಗುವ ಶಕ್ತಿ. ಬದಲಾಗದೆ ನಿಂತ ಕಣವೇ ಸೋತ ಕಣ. ಮೊದಲ ಪ್ರಶ್ನೆಗೆ ಉತ್ತರ ಅರ್ಧ ಇಲ್ಲಿ ಸಿಗುತ್ತದೆ: ಇಂಥ ಮೈ ರೋಗಗ್ರಸ್ತವಲ್ಲದಿರಬಹುದು, ಆದರೆ ಅದರ ಬಾಗುವ ಗುಣ ಕಡಿಮೆಯಾಗಿದೆ.

ಇನ್ನರ್ಧಕ್ಕೆ ಸುಶ್ರುತ ಸಂಹಿತೆಯ ಸೂತ್ರಸ್ಥಾನ ನೆರವಾಗುತ್ತದೆ. ಅದು ರೋಗದ ನಡೆಯನ್ನು ಆರು ಕ್ರಿಯಾಕಾಲಗಳಾಗಿ ಕಾಣುತ್ತದೆ: ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ. ದೋಷ ತನ್ನ ಜಾಗದಲ್ಲೇ ಕೂಡಿಕೊಳ್ಳುವುದು ಮೊದಲು; ಕೆರಳುವುದು, ಹರಡುವುದು, ಎಲ್ಲೋ ನೆಲೆಯೂರುವುದು ಆಮೇಲೆ; ರೋಗಕ್ಕೆ ಹೆಸರು ಹಿಡಿದು ಕರೆಯುವಷ್ಟು ರೂಪ ಬರುವುದು ಐದನೆಯ ಹಂತದಲ್ಲಿ, ಅದಕ್ಕೆ ‘ವ್ಯಕ್ತಿ’ ಎಂದು ಹೆಸರು. ಸಂಚಯದಲ್ಲೇ ತೊಲಗಿಸಿದ ದೋಷ ಮುಂದಿನ ಹಂತ ಕಾಣದು. ಇಲ್ಲಿ ಒಂದು ಶಬ್ದದ ಸ್ವಾರಸ್ಯವಿದೆ. ಜೀನಿನ ಕೆಲಸಕ್ಕೆ ಕನ್ನಡ ಆರಿಸಿಕೊಂಡ ‘ಅಭಿವ್ಯಕ್ತಿ’ ಇದೇ ಧಾತುವಿನದು. ಆದರೆ ಕಣದಲ್ಲಿ ಅಭಿವ್ಯಕ್ತವಾಗುವುದು ಸುಶ್ರುತನ ಲೆಕ್ಕದಲ್ಲಿ ಇನ್ನೂ ಸಂಚಯದ ಹಂತದ್ದು. ಆ ಕಾಲದವರಿಗೆ ಜೀನು ಗೊತ್ತಿತ್ತೆಂದು ಇದರ ಅರ್ಥವಲ್ಲ. ಹಾಗೆ ಹೇಳುವುದು ಆ ಗ್ರಂಥಕ್ಕೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಸಂಹಿತೆಯ ಕೊಡುಗೆ ಬೇರೆ. ಆರೋಗ್ಯ, ರೋಗ ಎಂಬ ಎರಡೇ ಕೋಣೆಗಳ ಬದಲು ಅದು ದಾರಿಯೊಂದನ್ನು ಇಟ್ಟಿತು, ಮತ್ತು ಅದರ ಪ್ರತಿ ಹಂತವನ್ನೂ ‘ಕ್ರಿಯಾಕಾಲ’ ಎಂದು, ಅಂದರೆ ಏನಾದರೂ ಮಾಡಬೇಕಾದ ಹೊತ್ತು ಎಂದು ಕರೆಯಿತು. ಸಂಚಯದಲ್ಲಿರುವವರನ್ನು ರೋಗಿ ಎಂದು ಕರೆಯಬೇಕಿಲ್ಲ. ಅವರಿಗೆ ಮಾಡಲು ಕೆಲಸವಿದೆ, ಅಷ್ಟೆ.

ಎರಡನೆಯ ಪ್ರಶ್ನೆ, ಆ ಗುರುತು ನಾಳೆಯ ಬಗ್ಗೆ ಏನನ್ನು ಹೇಳುತ್ತದೆ ಎಂಬುದು, ಇದಕ್ಕಿಂತ ಬಿಗಿಯಾದದ್ದು. ಅನುಮಾನ ಎಂಬ ಮಾತಿಗೆ ಆಡುಗನ್ನಡದಲ್ಲಿ ಶಂಕೆ ಎಂದು ಅರ್ಥ. ಶಾಸ್ತ್ರದಲ್ಲಿ ಅದು ಕಂಡದ್ದರ ಬಲದಿಂದ ಕಾಣದ್ದನ್ನು ತಿಳಿಯುವ ಪ್ರಮಾಣ. ನ್ಯಾಯಸೂತ್ರ ಅನುಮಾನವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ವಾತ್ಸ್ಯಾಯನ ಭಾಷ್ಯದ ಒಂದು ವಿವರಣೆಯಂತೆ, ಮೋಡ ಕವಿದದ್ದು ಕಂಡು ಮಳೆ ಬರುತ್ತದೆ ಎನ್ನುವುದು ಪೂರ್ವವತ್, ಕಾರಣದಿಂದ ಕಾರ್ಯಕ್ಕೆ. ನದಿ ತುಂಬಿ ರಭಸದಿಂದ ಹರಿಯುವುದು ಕಂಡು ಮೇಲೆ ಮಳೆಯಾಗಿದೆ ಎನ್ನುವುದು ಶೇಷವತ್, ಕಾರ್ಯದಿಂದ ಕಾರಣಕ್ಕೆ. ರಕ್ತಕಣದ ಗುರುತು ಮೋಡವೋ, ತುಂಬಿದ ಹೊಳೆಯೋ?

ಬಿಳಿ ಕಣದಲ್ಲಿ ಸಿಪಿಟಿ1ಎ ತಗ್ಗಿದ್ದರಿಂದ ಮಧುಮೇಹ ಬರುವುದಿಲ್ಲ. ಯಕೃತ್ತು, ಸ್ನಾಯು, ಕೊಬ್ಬುಗಳಲ್ಲಿ ನಡೆದ ಯಾವುದೋ ಬದಲಾವಣೆ ಅಲ್ಲಿ ಒಂದು ಪರಿಣಾಮವನ್ನೂ ರಕ್ತಕಣದಲ್ಲಿ ಅದರ ಒಡಹುಟ್ಟನ್ನೂ ಉಂಟುಮಾಡಿದೆ. ಇಂಥ ಅನುಮಾನವನ್ನು ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಪ್ರಮಾಣವಾರ್ತಿಕದಲ್ಲಿ ಕೈಗೆತ್ತಿಕೊಂಡಿದ್ದಾನೆ. ಕತ್ತಲಲ್ಲಿ ಹಣ್ಣಿನ ರುಚಿ ನೋಡಿದವನು ಅದರ ಬಣ್ಣವನ್ನು ಊಹಿಸಬಲ್ಲ. ರುಚಿ ಬಣ್ಣಕ್ಕೆ ಕಾರಣವಲ್ಲ. ಎರಡೂ ಒಂದೇ ಕಾರಣಸಾಮಗ್ರಿಯಿಂದ ಹುಟ್ಟಿದವು, ಹಾಗಾಗಿ ಒಂದು ಇನ್ನೊಂದನ್ನು ತಿಳಿಸುತ್ತದೆ. ಆದರೆ ಈ ಬಗೆಯಲ್ಲಿ ತಿಳಿಯಬಹುದಾದದ್ದು ಆದದ್ದನ್ನು, ಈಗ ಇರುವುದನ್ನು; ಆಗಲಿರುವುದನ್ನಲ್ಲ. ಕಾರಣಗಳೆಲ್ಲ ಕೂಡಿದ್ದು ಕಂಡಾಗಲೂ ಊಹಿಸಬಹುದಾದದ್ದು ಕಾರ್ಯವನ್ನು ಹುಟ್ಟಿಸುವ ಯೋಗ್ಯತೆಯನ್ನು ಮಾತ್ರ, ಕಾರ್ಯವನ್ನಲ್ಲ. ಏಕೆಂದರೆ ನಡುವೆ ಅಡ್ಡಿ ಬರಬಹುದು. ಬೀಜ, ನೆಲ, ನೀರು ಮೂರೂ ಇದ್ದು ಮೊಳಕೆಯನ್ನು ಹಕ್ಕಿ ಕುಕ್ಕಿಕೊಂಡು ಹೋಗಬಹುದು.

ರಕ್ತಕಣದ ಗುರುತಿಗೆ ಇದಕ್ಕಿಂತ ನಿಖರವಾದ ತರ್ಕದ ಮಾತು ಸಿಗುವುದು ಕಷ್ಟ. ಅದನ್ನು ‘ಮುನ್ಸೂಚನೆ’ ಎನ್ನುವಾಗ ಎರಡು ಹೆಜ್ಜೆಗಳು ಒಂದಾಗಿ ಬೆರೆತುಹೋಗುತ್ತವೆ. ರುಚಿಯಿಂದ ಬಣ್ಣಕ್ಕೆ ಹೋಗುವಂತೆ ರಕ್ತದಿಂದ ಯಕೃತ್ತಿಗೆ ಹೋಗುವುದು ಮೊದಲ ಹೆಜ್ಜೆ. ಅದು ಇಂದಿನ ಸಂಗತಿ, ಪರೀಕ್ಷಿಸಿ ನೋಡಬಹುದಾದದ್ದು. ಇಂದಿನ ಯಕೃತ್ತಿನಿಂದ ಇಪ್ಪತ್ತು ವರ್ಷದ ಮುಂದಿನ ಮಧುಮೇಹಕ್ಕೆ ಹೋಗುವುದು ಎರಡನೆಯದು. ಅಲ್ಲಿ ದೊರೆಯುವುದು ಯೋಗ್ಯತೆ ಮಾತ್ರ. ಸಂಖ್ಯಾಶಾಸ್ತ್ರ ಆ ಯೋಗ್ಯತೆಗೆ ಶೇಕಡಾವಾರು ಹಾಕಿ ಕೊಡಬಲ್ಲದು, ಅದು ದೊಡ್ಡ ಉಪಕಾರವೇ. ಆದರೆ ಶೇಕಡಾವಾರು ಗುಂಪಿಗೆ ಸಲ್ಲುತ್ತದೆ. ವೈದ್ಯರ ಎದುರು ಕುಳಿತವರಲ್ಲಿ ಯಾರೂ ಶೇ. 30 ಮಧುಮೇಹಿಯಾಗುವುದಿಲ್ಲ.

ಮೊದಲ ಹೆಜ್ಜೆಯೂ ಜಾರುವುದಿಲ್ಲ ಎಂದಲ್ಲ. ನ್ಯಾಯಸೂತ್ರ ತನ್ನ ಮೇಲೆ ಬರುವ ಆಕ್ಷೇಪವನ್ನು ತಾನೇ ಎತ್ತುತ್ತದೆ: ಹೊಳೆ ತುಂಬಿದ್ದು ಕೆಳಗೆ ಯಾರೋ ಕಟ್ಟೆ ಹಾಕಿದ್ದರಿಂದ ಇರಬಹುದು, ಇರುವೆಗಳು ಮೊಟ್ಟೆ ಹೊತ್ತು ಹೊರಟದ್ದು ಮಳೆ ಬರುತ್ತದೆಂದಲ್ಲ, ಗೂಡು ಕೆಟ್ಟಿತೆಂದು ಇರಬಹುದು, ಕೇಳಿದ ನವಿಲಿನ ಕೂಗು ಮನುಷ್ಯನ ಅಣಕವಿರಬಹುದು. ರಕ್ತಕ್ಕೂ ಇಂಥವೇ ಆಕ್ಷೇಪಗಳಿವೆ. ಬಿಳಿ ಕಣ ಒಂದೇ ಜಾತಿಯದಲ್ಲ. ನ್ಯೂಟ್ರೋಫಿಲ್, ಲಿಂಫೋಸೈಟ್, ಮೊನೊಸೈಟ್‌ಗಳ ಪಾಲು ಬದಲಾದರೆ ಯಾವ ಕಣವೂ ತನ್ನ ಕೆಲಸ ಬದಲಿಸದಿದ್ದರೂ ಒಟ್ಟು ಅಳತೆ ಬದಲಾಗುತ್ತದೆ. 2003ರಲ್ಲಿ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಆರೋಗ್ಯವಂತರ ರಕ್ತವನ್ನೇ ನೋಡಿ, ಕಣಗಳ ಪಾಲು, ಹೆಣ್ಣುಗಂಡು, ವಯಸ್ಸು, ರಕ್ತ ತೆಗೆದ ಹೊತ್ತು ಇವುಗಳಿಂದಲೇ ಅಭಿವ್ಯಕ್ತಿ ಬದಲಾಗುವುದನ್ನು ತೋರಿಸಿದರು. ಹಿಂದಿನ ದಿನದ ನೆಗಡಿ ಒಂದು ಕಟ್ಟೆ. ಬೆಳಗಿನ ಕಾಫಿ ಇನ್ನೊಂದು.

ನೈಯಾಯಿಕರು ಕೊಟ್ಟ ಉತ್ತರ ಇಂದಿಗೂ ಹಳತಾಗಿಲ್ಲ. ತಪ್ಪಿದ್ದು ಅನುಮಾನವಲ್ಲ, ಗುರುತನ್ನು ಸರಿಯಾಗಿ ನೋಡದವರು. ಮಳೆಯಿಂದ ಬಂದ ನೆರೆ ಬರೀ ನೀರಿನ ಏರಿಕೆಯಲ್ಲ. ಸೆಳೆತ ಹೆಚ್ಚಿರುತ್ತದೆ, ನೊರೆ ಇರುತ್ತದೆ, ಎಲೆ ಕಟ್ಟಿಗೆ ತೇಲಿಬರುತ್ತವೆ. ಕಟ್ಟೆ ಕಟ್ಟಿ ನಿಂತ ನೀರಿಗೆ ಇವಿಲ್ಲ. ಇಂದಿನ ಸಂಶೋಧಕರು ಒಂದೇ ಜೀನನ್ನು ನಂಬದೆ ಹತ್ತಾರು ಜೀನುಗಳ ವಿನ್ಯಾಸ ಹುಡುಕುವುದು, ಉಪವಾಸದಲ್ಲೂ ಊಟದ ನಂತರವೂ ಅಳೆಯುವುದು, ಕಣಗಳ ಪಾಲನ್ನು ಲೆಕ್ಕಕ್ಕೆ ಹಿಡಿಯುವುದು ಎಲ್ಲ ಈ ನೊರೆ, ಎಲೆ, ಕಟ್ಟಿಗೆಗಳನ್ನು ನೋಡುವ ಕೆಲಸವೇ. ಇರುವೆ ವೈದ್ಯಶಾಸ್ತ್ರದಲ್ಲೂ ಬರುತ್ತದೆ: ಚರಕ ಸಂಹಿತೆ ಮಧುಮೇಹವೂ ಸೇರುವ ಪ್ರಮೇಹದ ಪೂರ್ವರೂಪಗಳಲ್ಲಿ ಬಾಯಿ ಸಿಹಿಯಾಗುವುದು, ಕೈಕಾಲು ಉರಿಯುವುದು, ಜೋಮು ಹಿಡಿಯುವುದರ ಜೊತೆಗೆ ಮೈಗೂ ಮೂತ್ರಕ್ಕೂ ಇರುವೆ ಮುತ್ತುವುದನ್ನು ಹೇಳುತ್ತದೆ. ಆ ಹೊತ್ತಿಗೆ ಹೊಳೆ ದಡ ಮೀರಿರುತ್ತದೆ. ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನದ 2009ರ ವರದಿಯಂತೆ, ಮಧುಮೇಹ ಪತ್ತೆಯಾಗುವ ಸುಮಾರು ಐದು ವರ್ಷ ಮೊದಲೇ ಇನ್ಸುಲಿನ್‌ಗೆ ಮೈ ಓಗೊಡುವುದು ಚುರುಕಾಗಿ ಕುಸಿಯತೊಡಗುತ್ತದೆ, ಸಕ್ಕರೆ ಜಿಗಿಯುವುದು ಕೊನೆಯ ಮೂರು ವರ್ಷದಲ್ಲಿ. ರಕ್ತಕಣದಿಂದ ನಿರೀಕ್ಷಿಸುವುದು ಅದಕ್ಕೂ ಹಿಂದಿನ ಸುದ್ದಿಯನ್ನು.

ಯೋಗ್ಯತೆ ಫಲವಾಗುವ ಮುನ್ನ ಏನೇನಾಗಬಹುದು ಎಂಬುದನ್ನು ಜೈನ ಕರ್ಮಸಿದ್ಧಾಂತದಷ್ಟು ಕೂಲಂಕಷವಾಗಿ ಭಾರತದಲ್ಲಿ ಬೇರೆ ಯಾವ ಪರಂಪರೆಯೂ ಯೋಚಿಸಿದಂತೆ ಕಾಣುವುದಿಲ್ಲ. ಚಾವುಂಡರಾಯನ ಕಾಲದಲ್ಲಿ, ಹತ್ತನೆಯ ಶತಮಾನದಲ್ಲಿ, ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ ಪ್ರಾಕೃತದಲ್ಲಿ ಬರೆದ ಗೊಮ್ಮಟಸಾರದ ಕರ್ಮಕಾಂಡ ಕರ್ಮದ ಹತ್ತು ಸ್ಥಿತಿಗಳನ್ನು ಹೇಳುತ್ತದೆ. ಕೇಶವವರ್ಣಿ ಆ ಗ್ರಂಥಕ್ಕೆ ಕನ್ನಡದಲ್ಲೇ ವೃತ್ತಿ ಬರೆದ. ಕಟ್ಟಿಕೊಂಡ ಕರ್ಮ ಫಲ ಕೊಡದೆ ಸುಮ್ಮನಿರುವುದು ಸತ್ತೆ. ಫಲ ಕೊಡುವುದು ಉದಯ. ಇವೆರಡರ ನಡುವೆ ಬಹಳ ಜಾಗವಿದೆ. ಕರ್ಮದ ಅವಧಿ, ತೀವ್ರತೆ ಹೆಚ್ಚುವುದು ಉತ್ಕರ್ಷಣ, ಕುಗ್ಗುವುದು ಅಪಕರ್ಷಣ, ಒಂದು ಬಗೆ ಇನ್ನೊಂದಾಗಿ ಮಾರ್ಪಡುವುದು ಸಂಕ್ರಮಣ, ಹೊತ್ತಿಗೆ ಮೊದಲೇ ಫಲಕ್ಕೆ ತರುವುದು ಉದೀರಣೆ, ಅಡಗಿಸಿಡುವುದು ಉಪಶಮ. ಇವು ಯಾವುದಕ್ಕೂ ಮಣಿಯದೆ ಅನುಭವಿಸಿಯೇ ತೀರಬೇಕಾದದ್ದು ನಿಕಾಚಿತ. ವಿಧಿ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವ ಸಂಗತಿಯನ್ನು ಹೀಗೆ ಬಿಡಿಸಿಟ್ಟದ್ದು ದೊಡ್ಡ ಬೌದ್ಧಿಕ ಸಾಹಸ.

ಆನುವಂಶಿಕ ಕಾಯಿಲೆಗಳಲ್ಲಿ ನಿಕಾಚಿತದಂಥವು ಉಂಟು. ಹಂಟಿಂಗ್‌ಟನ್ ಕಾಯಿಲೆಯ ಜೀನಿನಲ್ಲಿ ಒಂದು ಮೂರಕ್ಷರದ ತುಣುಕು 40 ಅಥವಾ ಅದಕ್ಕಿಂತ ಹೆಚ್ಚು ಸಲ ಮರುಕಳಿಸಿದ್ದರೆ, ಸಹಜ ಆಯುಸ್ಸು ಬದುಕಿದವರಲ್ಲಿ ಅದು ಹೆಚ್ಚುಕಡಿಮೆ ಬಂದೇ ಬರುತ್ತದೆ. ಟೈಪ್ 2 ಮಧುಮೇಹ ಆ ಜಾತಿಗೆ ಸೇರಿದ್ದಲ್ಲ. ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ ಆಹಾರ, ನಡಿಗೆ, ತೂಕ ಇಳಿಕೆಯಿಂದ ಪೂರ್ವಸ್ಥಿತಿಯವರು ಮಧುಮೇಹಕ್ಕೆ ಜಾರುವುದು ಶೇ. 58ರಷ್ಟು ತಗ್ಗಿತೆಂದು 2002ರಲ್ಲಿ ಪ್ರಕಟವಾಯಿತು. ಚೆನ್ನೈನ ರಾಮಚಂದ್ರನ್ ಅವರ ತಂಡ ಭಾರತೀಯರಲ್ಲಿ ನಡೆಸಿದ ಪ್ರಯೋಗದಲ್ಲಿ, 2006ರ ವರದಿಯಂತೆ, ತಗ್ಗಿದ್ದು ಶೇ. 28.5. ಇಲ್ಲಿನ ಮೈ ಸುಲಭಕ್ಕೆ ಬಗ್ಗುವುದಿಲ್ಲ ಎಂಬುದೂ ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಓದಬಹುದಾದ ಸಂಗತಿ. ಆದರೂ ಇದು ಅಪಕರ್ಷಣದ ಕ್ಷೇತ್ರವೇ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಅಗ್ನಿವೇಶ ಕೇಳುವುದೂ ಇದನ್ನೇ: ಆಯುಸ್ಸು ಮೊದಲೇ ಗೊತ್ತುಮಾಡಿಟ್ಟದ್ದೋ, ಅಲ್ಲವೋ? ದೈವ, ಪುರುಷಕಾರ ಎಂಬ ಮನುಷ್ಯಪ್ರಯತ್ನ, ಈ ಎರಡರ ಬಲಾಬಲದ ಮೇಲೆ ಅದು ನಿಂತಿದೆ ಎಂದು ಅವನ ಗುರು ಆತ್ರೇಯ ಬಂಡಿಯ ಅಚ್ಚಿನ ಹೋಲಿಕೆ ಕೊಡುತ್ತಾನೆ. ಚೆನ್ನಾಗಿ ನಡೆಸಿಕೊಂಡ ಬಂಡಿಯ ಅಚ್ಚು ಸವೆದು ತನ್ನ ಕಾಲಕ್ಕೆ ಮುರಿಯುತ್ತದೆ. ಅತಿಭಾರ ಹೇರಿ, ಕೊರಕಲು ದಾರಿಯಲ್ಲಿ ಓಡಿಸಿದ್ದು ನಡುದಾರಿಯಲ್ಲೇ ಮುರಿಯುತ್ತದೆ. ರಕ್ತಕಣ ತೋರಿಸುವುದು ಅಚ್ಚಿನ ಸವೆತವನ್ನು.

ಹಾಗಾದರೆ ಕೊರಕಲು ದಾರಿಗೆ ಬಂಡಿಯನ್ನು ಇಳಿಸಿದವರು ಯಾರು? ಕರ್ಮದ ಹೋಲಿಕೆ ಇಲ್ಲಿ ಕಡಿದುಹೋಗುತ್ತದೆ, ಕಡಿದುಹೋಗಲೂ ಬೇಕು. ಕರ್ಮಸಿದ್ಧಾಂತದಲ್ಲಿ ಮಾಡಿದವನೇ ಉಣ್ಣುತ್ತಾನೆ. ಚಯಾಪಚಯದಲ್ಲಿ ಹಾಗಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಶಿಶುಗಳು ನಡುವಯಸ್ಸು ಮುಟ್ಟಿದಾಗ ಅವರನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ಮೈತುಂಬಿಕೊಂಡಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿತ್ತು. ಹಾಲೆಂಡಿನಲ್ಲಿ 1944–45ರ ಬರಗಾಲದ ಚಳಿಗಾಲದಲ್ಲಿ ಗರ್ಭದಲ್ಲಿದ್ದವರು ಐವತ್ತು ವರ್ಷದ ಮೇಲೆ ಸಕ್ಕರೆಯನ್ನು ಸರಿಯಾಗಿ ನಿಭಾಯಿಸಲಾರದವರಾದರು. ಆ ಹಸಿವು ತಂದದ್ದು ಯುದ್ಧ. ಉಂಡದ್ದು ಹುಟ್ಟದ ಕೂಸು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಇಬ್ಬರ ದೇಹತೂಕ ಸೂಚ್ಯಂಕವೂ 22.3; ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. 2004ರಲ್ಲಿ ಅವರು ತಮ್ಮ ಚಿತ್ರವನ್ನೇ ಪ್ರಕಟಿಸಿ ತೋರಿಸಿದ ಈ ವ್ಯತ್ಯಾಸ ಬಾಯಿಚಪಲದಿಂದ ಬಂದದ್ದಲ್ಲ.

ಆದ್ದರಿಂದ ರಕ್ತಕಣದಲ್ಲಿ ಸಿಕ್ಕ ಗುರುತನ್ನು ಅಪರಾಧದ ಗುರುತಾಗಿ ಓದುವುದು ತಪ್ಪು. ಅಪಾಯವಿರುವುದೂ ಇಲ್ಲೇ. ಪರೀಕ್ಷೆ ಒಬ್ಬರ ತೋಳಿನಿಂದ ತೆಗೆದದ್ದು, ಫಲಿತಾಂಶದ ಹಾಳೆಯ ಮೇಲೆ ಒಬ್ಬರ ಹೆಸರಿರುತ್ತದೆ. ಹೊಣೆಯೂ ಆ ಒಬ್ಬರದೇ ಎಂದು ಎಲ್ಲರೂ ನಂಬುತ್ತಾರೆ, ಎಷ್ಟೋ ಸಲ ಅವರ ತಾಯಿಯದೆಂದೂ. ಚರಕನ ಅದೇ ವಿಮಾನಸ್ಥಾನದ ಅಧ್ಯಾಯ ಮೊದಲು ಎತ್ತಿಕೊಳ್ಳುವ ವಿಷಯ ಜನಪದೋಧ್ವಂಸ. ಪ್ರಕೃತಿ, ಆಹಾರ, ವಯಸ್ಸು ಬೇರೆ ಬೇರೆಯಾದ ಜನರೆಲ್ಲ ಒಂದೇ ಕಾಯಿಲೆಗೆ ಬಿದ್ದರೆ ಕಾರಣವನ್ನು ಒಬ್ಬೊಬ್ಬರಲ್ಲಿ ಹುಡುಕಬಾರದು, ಎಲ್ಲರಿಗೂ ಸಮಾನವಾದ ಗಾಳಿ, ನೀರು, ದೇಶ, ಕಾಲಗಳಲ್ಲಿ ಹುಡುಕಬೇಕು ಎಂಬುದು ಅಲ್ಲಿನ ನಿಲುವು. ಅವು ಕೆಡುವುದರ ಮೂಲವನ್ನು ಆಳುವವರಿಂದ ಮೊದಲಾಗುವ ಅಧರ್ಮದಲ್ಲಿ ಅದು ಕಾಣುತ್ತದೆ. ಹತ್ತು ಕೋಟಿ ಜನರ ಕಾಯಿಲೆ ಹತ್ತು ಕೋಟಿ ಬಿಡಿ ಬಿಡಿ ತಪ್ಪುಗಳಾಗಿರಲಾರದು.

ಉಳಿಯುವುದು ಯಾರಿಗೆ, ಯಾವಾಗ ತಿಳಿಸಬೇಕು ಎಂಬುದು. ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ಬರೆದ ತತ್ತ್ವಗಳಂತೆ, ಕಾಯಿಲೆಯನ್ನು ಹುಡುಕಿಕೊಂಡು ಹೋಗುವ ಮೊದಲು ಅದಕ್ಕೆ ಒಪ್ಪಿತವಾದ ಚಿಕಿತ್ಸೆ ಇರಬೇಕು, ಯಾರಿಗೆ ಚಿಕಿತ್ಸೆ ಎಂಬುದೂ ಗೊತ್ತಿರಬೇಕು. ದೊಡ್ಡವರಾದ ಮೇಲೆ ಬರುವ, ತಡೆಯಲಾಗದ ಆನುವಂಶಿಕ ಕಾಯಿಲೆಗೆ ಮಕ್ಕಳನ್ನು ಪರೀಕ್ಷಿಸಬಾರದು, ತಿಳಿಯಬೇಕೋ ಬೇಡವೋ ಎಂದು ಆ ಮಗುವೇ ದೊಡ್ಡದಾಗಿ ನಿರ್ಧರಿಸಲಿ ಎಂಬ ರೂಢಿ ವೈದ್ಯಕೀಯ ನೀತಿಯಲ್ಲಿದೆ. ರಕ್ತಕಣದ ಗುರುತಿಗೆ ಆ ರೂಢಿ ಹಾಗೇ ಹೊಂದುವುದಿಲ್ಲ. ಇಲ್ಲಿ ಬಗ್ಗಿಸಬಹುದಾದ ಕಾಲವೇ ಬಾಲ್ಯ. ಮಗು ದೊಡ್ಡದಾಗುವವರೆಗೆ ಕಾದರೆ ಕ್ರಿಯಾಕಾಲ ಕಳೆದಿರುತ್ತದೆ. ಕಾಯದೆ ಹೇಳಿದರೆ, ಐದು ವರ್ಷದ ಆ ಮಗು ತನ್ನ ತಟ್ಟೆಯನ್ನು ಅನುಮಾನದಿಂದ ನೋಡುತ್ತಾ ಬೆಳೆಯುತ್ತದೆ. ಆ ಮಗುವಿಗೆ ಬೇಕಾದದ್ದು ಆಡಲು ಬಯಲು, ಶಾಲೆಯಲ್ಲಿ ಒಳ್ಳೆಯ ಊಟ, ಸಾಕಷ್ಟು ನಿದ್ದೆ. ಪಕ್ಕದ ಬೆಂಚಿನ ಮಗುವಿಗೂ ಅವೇ ಬೇಕು. ಅವನ್ನು ಕೊಡಲು ಯಾರ ರಕ್ತವನ್ನೂ ತೆಗೆದು ನೋಡಬೇಕಿಲ್ಲ.